ಹಿಂದೆ ನಿಂತ ಮುಂದಾಳು

ತರಬೇತಿ ಸಂಸ್ಥೆಯಲ್ಲಿ ನಾವು ಓದುತ್ತಿದ್ದಾಗ ಪರೀಕ್ಷೆಯಲ್ಲಿ ಒಂದು ಪ್ರಶ್ನೆ ಬಂದಿತ್ತು: ‘ಉತ್ತಮ ಮುಂದಾಳಿನ ಗುಣಗಳಾವುವು? ವಿವರಿಸಿ.’ ಹತ್ತು ಅಂಕದ ಪ್ರಶ್ನೆ. ಆದುದರಿಂದ ನಾವು ಎಣಿಸಿ ಹತ್ತು ಗುಣಗಳನ್ನು ಬರೆದೆವು. ದೂರದೃಷ್ಟಿ, ಧೈರ್ಯ, ಸಮಯಪಾಲನೆ, ನಿಷ್ಪಕ್ಷಪಾತ ಮುಂತಾಗಿ ಯಾವುದನ್ನೂ ಬಿಡಲಿಲ್ಲವೆಂದೇ ನಮ್ಮ ನಂಬಿಕೆ. ಬಂದದ್ದು ಎಂಟು ಅಂಕ. ಉಳಿದ ಎರಡು ಅಂಕ ಯಾವ ಗುಣವನ್ನು ಮರೆತುದಕ್ಕಾಗಿ ಹೋಯಿತೆಂಬುದು ಆಗ ತಿಳಿಯಲಿಲ್ಲ. ಅದು ತಿಳಿಯುವುದಕ್ಕೆ ಹತ್ತು ಹನ್ನೆರಡು ವರ್ಷಗಳೂ, ಒಂದು ಹಿಂಗಾರು ಮಳೆಯೂ, ಕುಸಿದ ಒಂದು ಗೋಡೆಯೂ ಬೇಕಾದುವು.

ನಮ್ಮದು ಕೆತ್ತಿಯ ಕಣಿವೆಯಂಚಿನ ಒಂದು ಚಿಕ್ಕ ಪ್ರಾಥಮಿಕ ಶಾಲೆ. ಐದು ತರಗತಿ, ಮೂವರು ಉಪಾಧ್ಯಾಯರು, ಮಧ್ಯಾಹ್ನದ ಊಟ ಬೇಯಿಸುವ ಅಕ್ಕ ಒಬ್ಬರು. ಮಕ್ಕಳಲ್ಲಿ ಕೆಲವರ ಮನೆಮಾತು ಬಡಗ, ಕೆಲವರದು ತಮಿಳು, ಗುಂಡ್ಲುಪೇಟೆಯ ಕಡೆಯಿಂದ ಬಂದು ನೆಲೆಸಿದ ಒಂದೆರಡು ಮನೆಗಳ ಮಕ್ಕಳದು ಕನ್ನಡ. ಕಿಟಕಿಯಿಂದ ನೋಡಿದರೆ ಮೆಟ್ಟಿಲುಮೆಟ್ಟಿಲಾಗಿ ಇಳಿಯುವ ಕ್ಯಾರೆಟ್, ಎಲೆಕೋಸು, ಬೆಳ್ಳುಳ್ಳಿಯ ಹೊಲಗಳು. ಅವುಗಳಾಚೆ ಚಹಾದ ಹಸುರು. ದಿನಕ್ಕೆ ಕೆಲವು ಬಾರಿ ಬೆಟ್ಟದ ರೈಲಿನ ಕೂಗು ಕೇಳುತ್ತದೆ. ಆ ಕೂಗು ಕೇಳಿದೊಡನೆ ಒಂದನೆಯ ತರಗತಿಯ ಪಾಠ ಅಲ್ಲಿಗೇ ನಿಲ್ಲುವುದೆಂದು ಬೇರೆ ಹೇಳಬೇಕಾಗಿಲ್ಲವಷ್ಟೆ.

ಹಿಂದಿನ ಮುಖ್ಯೋಪಾಧ್ಯಾಯರು ನಿವೃತ್ತರಾದಾಗ ಆ ಸ್ಥಾನದ ಭಾರವನ್ನು ತಾತ್ಕಾಲಿಕವಾಗಿ ನಮ್ಮ ತಲೆಯ ಮೇಲೆ ಇಡಲಾಯಿತು. ನಾವೋ ಹತ್ತು ಗುಣಗಳನ್ನು ಬಾಯಿಪಾಠ ಮಾಡಿದವರು! ಬೀರುವಿನ ಬೀಗದ ಕೈ, ಹಾಜರಿ ಪುಸ್ತಕ, ಊಟದ ಅಕ್ಕಿಯ ಲೆಕ್ಕ, ಪ್ರಾರ್ಥನೆಯ ಗಂಟೆ, ಎಲ್ಲವನ್ನೂ ನಮ್ಮ ಕೈಗೇ ತೆಗೆದುಕೊಂಡೆವು. ಸೀಮೆಸುಣ್ಣ ಬೇಕಾದರೂ ಸಹೋದ್ಯೋಗಿಗಳು ನಮ್ಮ ಮೇಜಿಗೆ ಬರಬೇಕು. ಹೇಳಬೇಕಾದುದನ್ನೆಲ್ಲ ಸೂಚನಾ ಪುಸ್ತಕದಲ್ಲಿ ಬರೆದು ಕಳುಹಿಸುತ್ತಿದ್ದೆವು. ಅವರು ಓದಿ ಸಹಿ ಹಾಕಿ ಹಿಂದಿರುಗಿಸುತ್ತಿದ್ದರು. ಮೊದಮೊದಲು ಕಿರಿಯ ಉಪಾಧ್ಯಾಯಿನಿ ಏನಾದರೊಂದು ಹೊಸ ಯೋಚನೆಯನ್ನು ಹೇಳಲು ಬರುತ್ತಿದ್ದರು. ‘ನೋಡೋಣ’ ಎಂದು ಎರಡು ಸಲ, ‘ಅದೆಲ್ಲ ನಮಗೆ ಗೊತ್ತು’ ಎಂದು ಮೂರನೆಯ ಸಲ ಹೇಳಿದೆವು. ನಾಲ್ಕನೆಯ ಸಲ ಅವರು ಬರಲಿಲ್ಲ. ಶಾಲೆಯಲ್ಲಿ ಮೌನ ನೆಲೆಸಿತು. ಆ ಮೌನವನ್ನು ನಾವು ಶಿಸ್ತೆಂದು ತಿಳಿದು ಒಳಗೊಳಗೇ ಹಿಗ್ಗಿದೆವು.

ಕೆತ್ತಿಯಲ್ಲಿರುವವರಿಗೆ ಮಳೆಯೆಂದರೆ ಬರಿಯ ಮಳೆಯಲ್ಲ. 2009ರ ನವೆಂಬರಿನಲ್ಲಿ ಒಂದೇ ದಿನದಲ್ಲಿ ಇಲ್ಲಿ 82 ಸೆಂಟಿಮೀಟರ್ ಮಳೆ ಸುರಿಯಿತು. ಬಯಲುಸೀಮೆಯ ಎಷ್ಟೋ ಊರುಗಳು ವರ್ಷವಿಡೀ ಕಾಣುವಷ್ಟು ನೀರು ಒಂದು ಹಗಲು ಒಂದಿರುಳಿನಲ್ಲಿ ಈ ಇಳಿಜಾರಿನ ಮೇಲೆ ಬಿದ್ದಿತು. ಜಿಲ್ಲೆಯಲ್ಲಿ ನೂರಾರು ಕಡೆ ಮಣ್ಣು ಜರಿದು, 40ಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ನೀರು ಕುಡಿದ ಮಣ್ಣು ಭಾರವಾಗುತ್ತದೆ, ಅದರ ಹಿಡಿತ ಸಡಿಲುತ್ತದೆ. ನೀರು ಹರಿದುಹೋಗಲು ದಾರಿಯಿಲ್ಲದಿದ್ದರೆ ತಡೆಗೋಡೆಯೇ ಮುಂದಕ್ಕೆ ಬಾಗುತ್ತದೆ. ಇದನ್ನು ಇಲ್ಲಿಯವರಿಗೆ ಯಾವ ಪುಸ್ತಕವೂ ಕಲಿಸಬೇಕಾಗಿಲ್ಲ. ಗೋಡೆಯ ಬಿರುಕನ್ನು ಅವರು ವೈದ್ಯರು ನಾಡಿ ನೋಡುವಂತೆ ನೋಡುತ್ತಾರೆ.

ನಾವು ಮುಖ್ಯಸ್ಥರಾದ ವರ್ಷದ ಹಿಂಗಾರಿನಲ್ಲಿ ಒಂದು ಬೆಳಗ್ಗೆ ಅಡುಗೆಯ ಅಕ್ಕ ನಮ್ಮ ಮೇಜಿನ ಬಳಿ ಬಂದು ನಿಂತರು. ಅಡುಗೆಮನೆಯ ಹಿಂದಿನ ತಡೆಗೋಡೆ ಬಿರುಕುಬಿಟ್ಟಿದೆ, ನೀರು ಹೋಗುವ ತೂತು ಮುಚ್ಚಿಹೋಗಿದೆ, ಗೋಡೆ ‘ಬಸುರಿಯ ಹಾಗೆ’ ಉಬ್ಬಿದೆ ಎಂದು ತಮ್ಮ ಬಡಗ ಮಾತಿನಲ್ಲಿ ಹೇಳಿದರು. ನಾವು ಅಕ್ಕಿಯ ಲೆಕ್ಕ ಕೂಡಿಸುತ್ತಿದ್ದೆವು. ತಲೆ ಎತ್ತದೆ, “ಆಗಲಿ ಅಕ್ಕಾ, ಬರೆದು ಹಾಕೋಣ” ಎಂದೆವು. ಅವರು ಸ್ವಲ್ಪ ಹೊತ್ತು ನಿಂತಿದ್ದು ಹೊರಟುಹೋದರು. ಬರೆದು ಹಾಕಲು ನಮಗೆ ಆ ವಾರ ಬಿಡುವಾಗಲಿಲ್ಲ. ಐದನೆಯ ದಿನ ರಾತ್ರಿ ಮಳೆ ಹೆಚ್ಚಿತು. ಬೆಳಗ್ಗೆ ಹೋಗಿ ನೋಡಿದರೆ ತಡೆಗೋಡೆ ಅಡುಗೆಮನೆಯ ಗೋಡೆಯನ್ನೂ ಜೊತೆಗೆ ಕರೆದುಕೊಂಡು ನೆಲಕ್ಕೆ ಬಿದ್ದಿತ್ತು. ಮಕ್ಕಳು ತಟ್ಟೆ ಹಿಡಿದು ಸಾಲಾಗಿ ನಿಲ್ಲುವ ಜಾಗದಲ್ಲಿ ಸೊಂಟದೆತ್ತರ ಕೆಮ್ಮಣ್ಣು. ರಾತ್ರಿಯಾದುದರಿಂದ ಯಾರಿಗೂ ಏನೂ ಆಗಲಿಲ್ಲ. ಅದೇ ಮಧ್ಯಾಹ್ನವಾಗಿದ್ದರೆ? ಆ ವಾಕ್ಯವನ್ನು ಪೂರ್ತಿಮಾಡುವ ಧೈರ್ಯ ನಮಗೆ ಇಂದಿಗೂ ಇಲ್ಲ. ಇರುಳು ಕಂಡ ಬಾವಿಗೆ ಹಗಲು ಬಿದ್ದವರು ನಾವು. ಬಿದ್ದೂ ಬದುಕಿದ್ದು ಅದೃಷ್ಟ.

ಮೇಲಿನಿಂದ ಲಿಖಿತ ವಿವರಣೆ ಕೇಳಿ ಪತ್ರ ಬಂದಿತು. ಅದರಲ್ಲಿ ಒಂದು ಪ್ರಶ್ನೆ: ‘ಕಟ್ಟಡದ ಸ್ಥಿತಿಯ ಬಗ್ಗೆ ಮುಂಚಿತವಾಗಿ ಯಾರಾದರೂ ಸೂಚನೆ ನೀಡಿದ್ದರೇ?’ ನಾವು ರಾತ್ರಿ ದೀಪದ ಮುಂದೆ ಕುಳಿತು ಅಂದವಾದ ಅಕ್ಷರಗಳಲ್ಲಿ ಬರೆದೆವು: ‘ಲಿಖಿತ ಸೂಚನೆ ಯಾವುದೂ ಬಂದಿರಲಿಲ್ಲ.’ ವಾಕ್ಯದಲ್ಲಿ ಸುಳ್ಳಿಲ್ಲ, ನೋಡಿ. ಅಕ್ಕ ಬರೆದುಕೊಟ್ಟಿರಲಿಲ್ಲ. ಆದರೆ ಆ ವಾಕ್ಯವನ್ನು ಓದಿದವರು ಮುಂದೆ ಕೇಳುವುದು ಯಾರನ್ನು? ದಿನವೂ ಆ ಗೋಡೆಯ ಪಕ್ಕದಲ್ಲಿ ಒಲೆಯುರಿಸುವವರನ್ನೇ ಅಲ್ಲವೇ? ‘ನೀನು ಏಕೆ ತಿಳಿಸಲಿಲ್ಲ?’ ಎಂದು ಅವರನ್ನು ಕೇಳುವರು. ಅವರ ಕೆಲಸಕ್ಕೇ ಕುತ್ತು ಬಂದರೂ ಬಂದೀತು. ಇದು ನಮಗೆ ಹೊಳೆಯದೆ ಇರಲಿಲ್ಲ. ಹೊಳೆದೂ ಕಾಗದವನ್ನು ಮಡಿಸಿ ಲಕೋಟೆಯೊಳಗಿಟ್ಟೆವು.

ಮರುದಿನ ಭಾನುವಾರ. ನಮ್ಮ ವಿದ್ಯಾರ್ಥಿಯೊಬ್ಬನ ಅಜ್ಜ ಕೆತ್ತಿಯ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಬಿಸಿಲು ಕಾಯಿಸಿಕೊಳ್ಳುತ್ತಿದ್ದರು. ಅವರು ಬೆಟ್ಟದ ರೈಲಿನಲ್ಲಿ ಬ್ರೇಕ್‌ಮನ್ ಆಗಿ ಬಹುಕಾಲ ದುಡಿದವರು. ಮಾತಿಗೆ ಮಾತು ಬೆಳೆದು ರೈಲಿನ ವಿಷಯಕ್ಕೆ ಬಂದಿತು. “ಮೇಷ್ಟ್ರೇ, ನಮ್ಮ ಗಾಡಿಯ ಎಂಜಿನ್ ಎಲ್ಲಿರುತ್ತದೆ, ಹೇಳಿ ನೋಡೋಣ” ಎಂದರು. “ಗಾಡಿಯ ಮುಂದೆ” ಎಂದೆವು. ಅಜ್ಜ ನಕ್ಕರು. “ಇಷ್ಟು ವರ್ಷ ಇಲ್ಲಿದ್ದೂ ನೋಡಲಿಲ್ಲವೇ?”

ವಾಚಕರಲ್ಲಿ ಈ ರೈಲನ್ನು ಕಾಣದವರಿಗಾಗಿ ನಾಲ್ಕು ಮಾತು ಹೇಳಬೇಕು. ಮೆಟ್ಟುಪಾಳಯದಿಂದ ಕೂನೂರಿನವರೆಗೆ ಈ ಮಾರ್ಗ ತೆರೆದದ್ದು 1899ರಲ್ಲಿ. ಉದಕಮಂಡಲವನ್ನು ಮುಟ್ಟಿದ್ದು 1908ರಲ್ಲಿ. 2005ರಲ್ಲಿ ಯುನೆಸ್ಕೊ ಇದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಒಟ್ಟು ಉದ್ದ ಸುಮಾರು 46 ಕಿಲೋಮೀಟರು. ಅಷ್ಟರೊಳಗೆ 208 ತಿರುವುಗಳು, 16 ಸುರಂಗಗಳು, 250 ಸೇತುವೆಗಳು. ಕಲ್ಲಾರಿನಿಂದ ಕೂನೂರಿನವರೆಗೆ ಏರು ಎಷ್ಟು ಕಡಿದೆಂದರೆ, ಕೆಲವೆಡೆ 12 ಅಡಿ ಮುಂದೆ ಸರಿದರೆ 1 ಅಡಿ ಮೇಲೇರಬೇಕು. ನುಣುಪಾದ ಚಕ್ರ ನುಣುಪಾದ ಹಳಿಯ ಮೇಲೆ ಅಲ್ಲಿ ಜಾರುತ್ತದೆ. ಆದ್ದರಿಂದ ಎರಡು ಹಳಿಗಳ ನಡುವೆ ಹಲ್ಲುಗಳುಳ್ಳ ಎರಡು ಉಕ್ಕಿನ ಪಟ್ಟಿಗಳನ್ನು ಕೂಡಿಸಿದ್ದಾರೆ. ಎಂಜಿನ್ನಿನ ಹಲ್ಲುಚಕ್ರ ಅವನ್ನು ಕಚ್ಚಿಕೊಂಡು ಏರುತ್ತದೆ. ಎರಡು ಪಟ್ಟಿಗಳ ಹಲ್ಲುಗಳು ಒಂದಕ್ಕೊಂದು ಎದುರಾಗಿಲ್ಲ, ಹೆಚ್ಚುಕಡಿಮೆಯಾಗಿ ಜೋಡಿಸಲ್ಪಟ್ಟಿವೆ. ಒಂದರ ಹಿಡಿತ ಬಿಡುವ ಹೊತ್ತಿಗೆ ಇನ್ನೊಂದು ಹಿಡಿದಿರುತ್ತದೆ. ಅಲ್ಲಿ ಗಾಡಿಯ ವೇಗ ಗಂಟೆಗೆ 13 ಕಿಲೋಮೀಟರು ಮಾತ್ರ.

ಇನ್ನು ಎಂಜಿನ್ನಿನ ಮಾತು. ಬೆಟ್ಟವನ್ನೇರುವಾಗ ಅದು ಗಾಡಿಯ ಹಿಂದೆ ನಿಂತು ದೂಡುತ್ತದೆ. ಚಾಲಕನಿಗೆ ಮುಂದಿನ ದಾರಿ ಕಾಣುವುದಿಲ್ಲ! ಮುಂದಿನ ಡಬ್ಬಿಯ ಮೊಗಸಾಲೆಯಲ್ಲಿ ಹಸಿರು, ಕೆಂಪು ಬಾವುಟ ಹಿಡಿದು ನಿಂತಿರುವ ಬ್ರೇಕ್‌ಮನ್ನನೇ ಅವನ ಕಣ್ಣು. ಒಂದೊಂದು ಡಬ್ಬಿಗೂ ಒಬ್ಬೊಬ್ಬ ಬ್ರೇಕ್‌ಮನ್. ಎಂಜಿನ್ನಿನ ಕೂಗನ್ನು ಕೇಳಿ, ತನ್ನ ಡಬ್ಬಿಯ ಬ್ರೇಕನ್ನು ತಾನೇ ಬಿಗಿಯುತ್ತಾನೆ, ತಾನೇ ಸಡಿಲಿಸುತ್ತಾನೆ. “ಹಳಿಯ ಮೇಲೆ ಕಲ್ಲು ಬಿದ್ದಿದ್ದರೆ, ಆನೆ ನಿಂತಿದ್ದರೆ, ಮೊದಲು ಕಾಣುವುದು ಮುಂದಿನವನಿಗೆ. ಅವನು ಕೆಂಪು ತೋರಿಸಿದರೆ ಗಾಡಿ ನಿಲ್ಲಬೇಕು. ಏಕೆ ತೋರಿಸಿದೆ ಎಂದು ಡ್ರೈವರ್ ಕೇಳುವುದು ನಿಂತ ಮೇಲೆ, ನಿಲ್ಲುವುದಕ್ಕೆ ಮುಂಚೆ ಅಲ್ಲ” ಎಂದರು ಅಜ್ಜ.

“ಇಳಿಯುವಾಗ?” ಎಂದು ಕೇಳಿದೆವು.

“ಇಳಿಯುವಾಗ ಎಂಜಿನ್ ಮುಂದೆ. ಅದು ಯಾವಾಗಲೂ ತಗ್ಗಿನ ಕಡೆಗೇ ಇರಬೇಕು ಮೇಷ್ಟ್ರೇ. ಏರುವಾಗ ಹಿಂದೆ ನಿಂತು ದೂಡಬೇಕು. ಇಳಿಯುವಾಗ ಮುಂದೆ ನಿಂತು ಎಲ್ಲ ಡಬ್ಬಿಗಳ ಭಾರವನ್ನೂ ತಡೆಯಬೇಕು. ಡಬ್ಬಿಗಳನ್ನು ಮುಂದೆ ಬಿಟ್ಟು ತಾನು ಹಿಂದೆ ಉಳಿದರೆ, ಕೊಂಡಿ ಕಳಚಿದ ದಿನ ಅವುಗಳ ಗತಿ ಏನು?”

ಅಜ್ಜನಿಗೆ ನಮ್ಮ ಲಕೋಟೆಯ ವಿಷಯ ತಿಳಿದಿರಲಿಲ್ಲ. ನಮಗೆ ಮಾತ್ರ ಅದು ಅಂಗಿಯ ಜೇಬಿನಲ್ಲಿ ಕೆಂಡದಂತೆ ತೋರಿತು. ನಾವು ಮಾಡಿದ್ದಾದರೂ ಏನು? ಶಾಲೆ ಏರುತ್ತಿದೆಯೆಂದು ತೋರಿದಾಗ ಎಲ್ಲರ ಮುಂದೆ ನಿಂತೆವು. ಗೋಡೆ ಜರಿದಾಗ ಅಡುಗೆಯ ಅಕ್ಕನನ್ನು ತಗ್ಗಿನ ಕಡೆಗೆ ಬಿಟ್ಟು ನಾವು ಹಿಂದಕ್ಕೆ ಸರಿದೆವು. ಕೆಂಪು ಬಾವುಟ ತೋರಿಸಿದ್ದವರು ಅವರೇ. ತೋರಿಸಿದಾಗ ತಲೆಯೆತ್ತದೆ ಇದ್ದವರು ನಾವು.

ಆ ಸಂಜೆ ಕಾಗದವನ್ನು ಹರಿದು ಬೇರೊಂದನ್ನು ಬರೆದೆವು. ‘ಐದು ದಿನಗಳ ಮುಂಚೆ ಅಡುಗೆಯವರು ಬಾಯಿಮಾತಿನಲ್ಲಿ ಸ್ಪಷ್ಟವಾಗಿ ತಿಳಿಸಿದ್ದರು. ಕ್ರಮ ಕೈಗೊಳ್ಳದಿದ್ದುದು ನಮ್ಮ ತಪ್ಪು.’ ಅದಕ್ಕೆ ತಕ್ಕ ಎಚ್ಚರಿಕೆಯ ಪತ್ರ ಬಂದಿತು. ಅದು ನಮ್ಮ ಸೇವಾ ದಾಖಲೆಯಲ್ಲಿ ಇಂದಿಗೂ ಇದೆ, ಇರಲೂ ಬೇಕು. ಆ ಪತ್ರದ ಪ್ರತಿಯನ್ನು ಸಹೋದ್ಯೋಗಿಗಳಿಗೆ ನಾವೇ ಓದಿ ಹೇಳಿದೆವು. ಓದಿ ಮುಗಿಸಿ, “ಬಿರುಕು ನಿಮ್ಮ ಕಣ್ಣಿಗೆ ಬಿದ್ದಿರಲಿಲ್ಲವೇ?” ಎಂದು ಕಿರಿಯ ಉಪಾಧ್ಯಾಯಿನಿಯನ್ನು ಕೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಬಿದ್ದಿತ್ತು. ನಿಮಗೆ ಎಲ್ಲವೂ ಗೊತ್ತಿರುತ್ತದೆಂದು ತಿಳಿದೆವು” ಎಂದರು. ಅದರಲ್ಲಿ ವ್ಯಂಗ್ಯವಿರಲಿಲ್ಲ. ವ್ಯಂಗ್ಯವಿದ್ದಿದ್ದರೆ ಸಹಿಸುವುದು ಸುಲಭವಾಗುತ್ತಿತ್ತು.

ಅಂದಿನಿಂದ ನಾವು ಮಾಡಿದ ಮಾರ್ಪಾಡುಗಳು ದೊಡ್ಡವೇನಲ್ಲ. ಸೋಮವಾರ ಪ್ರಾರ್ಥನೆಗೆ ಮುಂಚೆ ಕಾಲು ಗಂಟೆ ಎಲ್ಲರೂ ಕೂಡುತ್ತೇವೆ. ಅಡುಗೆಯ ಅಕ್ಕನೂ ಕುರ್ಚಿಯ ಮೇಲೆಯೇ ಕೂರುತ್ತಾರೆ. ಮೊದಲು ಮಾತನಾಡುವವರು ಎಲ್ಲರಿಗಿಂತ ಕಿರಿಯರು. ಕಡೆಗೆ ಮಾತನಾಡುವವರು ನಾವು. ಮುಖ್ಯಸ್ಥರು ಮೊದಲು ಬಾಯಿತೆರೆದರೆ ಉಳಿದವರ ಮಾತು ಗಂಟಲಲ್ಲೇ ತಿರುಗಿಕೊಳ್ಳುತ್ತದೆಂಬುದನ್ನು ನಾವು ಕಂಡುಕೊಂಡಿದ್ದೇವೆ. ಎರಡನೆಯದು, ಬೀಗದ ಕೈಗಳನ್ನು ಹಂಚಿದೆವು. ಪುಸ್ತಕದ ಬೀರು ಒಬ್ಬರದು, ಆಟದ ಸಾಮಾನು ಇನ್ನೊಬ್ಬರದು. ಅವರವರ ಡಬ್ಬಿಯ ಬ್ರೇಕು ಅವರವರ ಕೈಯಲ್ಲಿ. ಮೂರನೆಯದು, ಮಕ್ಕಳ ಕ್ಷೇಮದ ವಿಷಯದಲ್ಲಿ ಯಾರೇ ‘ನಿಲ್ಲಿಸಿ’ ಎಂದರೂ ಮೊದಲು ನಿಲ್ಲಿಸುವುದು, ಆಮೇಲೆ ಕಾರಣ ಕೇಳುವುದು. ನಾಲ್ಕನೆಯದು, ಬಾಯಿಮಾತಿನಲ್ಲಿ ಬಂದುದನ್ನು ನಾವೇ ಬರೆದುಕೊಳ್ಳುವುದು. ಹೇಳುವುದು ಅವರ ಕೆಲಸ. ಬರೆಯುವುದು ನಮ್ಮ ಕೆಲಸ.

ಇದರಿಂದ ಎಲ್ಲವೂ ಸರಾಗವಾಯಿತೆಂದು ಬರೆದರೆ ಅದು ಪರೀಕ್ಷೆಯ ಉತ್ತರವಾದೀತು. ಒಮ್ಮೆ ಮೋಡವನ್ನು ಕಂಡು ಸಹೋದ್ಯೋಗಿಯೊಬ್ಬರು ಮಕ್ಕಳ ಹೊರಸಂಚಾರವನ್ನು ನಿಲ್ಲಿಸೆಂದರು. ನಿಲ್ಲಿಸಿದೆವು. ಅಂದು ಹನಿ ಮಳೆಯೂ ಬೀಳದೆ ಚಿನ್ನದಂತಹ ಬಿಸಿಲು ಕಾಯಿತು. ಮಕ್ಕಳು ಮುಖ ಊದಿಸಿಕೊಂಡರು. ನಿಲ್ಲಿಸೆಂದವರು ನಾಚಿ ತಲೆತಗ್ಗಿಸಿದರು. ಅವರನ್ನು ಅಂದು ನಾವು ಹಾಸ್ಯಮಾಡಿದ್ದರೆ ನಮ್ಮ ಶಾಲೆಯಲ್ಲಿ ಮತ್ತೊಂದು ಕೆಂಪು ಬಾವುಟ ಎಂದೂ ಮೇಲೇಳುತ್ತಿರಲಿಲ್ಲ. ತಪ್ಪಾದ ಎಚ್ಚರಿಕೆಗೆ ಒಂದು ದಿನ ನಷ್ಟ. ಹೇಳದೆ ಉಳಿದ ಎಚ್ಚರಿಕೆಗೆ ಏನು ನಷ್ಟವೆಂಬುದನ್ನು ನಾವು ಕೆಮ್ಮಣ್ಣಿನಲ್ಲಿ ನಿಂತು ಕಂಡಿದ್ದೇವೆ. ಹಾಗೆಂದು ಮುಖ್ಯಸ್ಥರು ಕೈಕಟ್ಟಿ ಕುಳಿತಿರಬೇಕೆಂದಲ್ಲ. ಗಾಡಿಯನ್ನು ದೂಡುವ ಶಕ್ತಿ ಎಂಜಿನ್ನಿನದೇ. ನಿಂತ ಗಾಡಿ ಮತ್ತೆ ಯಾವಾಗ ಹೊರಡಬೇಕೆಂದು ನಿರ್ಧರಿಸುವುದೂ, ಆ ನಿರ್ಧಾರಕ್ಕೆ ತಲೆಕೊಡುವುದೂ ನಮ್ಮ ಪಾಲಿನದೇ.

ಕೆಲಸ ಉತ್ತಮಗೊಂಡಿತೇ ಎಂದು ಕೇಳುವಿರಿ. ಒಂದು ಉದಾಹರಣೆ ಕೊಡುತ್ತೇವೆ. ಮೂರನೆಯ ತರಗತಿಯ ಒಬ್ಬ ಹುಡುಗ ಗಣಿತದಲ್ಲಿ ಹಿಂದೆ ಬೀಳುತ್ತಿದ್ದ. ದಡ್ಡನೆಂದು ನಾವು, ಸೋಮಾರಿಯೆಂದು ಇನ್ನೊಬ್ಬರು ತೀರ್ಮಾನಿಸಿದ್ದೆವು. ಒಂದು ಸೋಮವಾರ ಅಡುಗೆಯ ಅಕ್ಕ, “ಅವನು ಬಟ್ಟಲನ್ನು ಕಣ್ಣಿನ ಹತ್ತಿರ ಹಿಡಿದು ಊಟ ಮಾಡುತ್ತಾನೆ” ಎಂದರು. ಕಿರಿಯ ಉಪಾಧ್ಯಾಯಿನಿ ಅವನನ್ನು ಮುಂದಿನ ಸಾಲಿನಲ್ಲಿ ಕೂರಿಸಿದರು. ಮನೆಯವರಿಗೆ ಹೇಳಿ ಕಣ್ಣು ಪರೀಕ್ಷೆ ಮಾಡಿಸಿದರು. ಕನ್ನಡಕ ಬಂದ ಮೇಲೆ ಹಲಗೆಯ ಮೇಲಿನ ಲೆಕ್ಕ ಅವನಿಗೆ ಮೊದಲ ಬಾರಿ ಕಂಡಿತು. ಅದನ್ನು ಕಂಡುಹಿಡಿದವರು ನಾವಲ್ಲ. ಮೂರು ವರ್ಷ ಕಲಿಸಿದ ನಮಗೆ ಕಾಣದ್ದು ಅನ್ನ ಬಡಿಸುವವರಿಗೆ ಕಂಡಿತು. ನಾವು ಮಾಡಿದ್ದು ಒಂದೇ, ಅವರಿಗೊಂದು ಕುರ್ಚಿ ಹಾಕಿದ್ದು.

ಇದೇನೂ ನಮ್ಮ ಕೆತ್ತಿಗೆ ಹೊಸ ಪಾಠವಲ್ಲ. ಮದರಾಸಿನ ಸರ್ಕಾರಿ ಸೇವೆಯಿಂದ ನಿವೃತ್ತರಾಗಿ ಬಂದು ಇಲ್ಲಿ ನೆಲೆಸಿದ ಜಾರ್ಜ್ ಕ್ಯಾಸಮೇಜರ್ ಎಂಬ ಆಂಗ್ಲರು, ಬಡಗರ ಮಕ್ಕಳಿಗೆ ಕಲಿಸಬೇಕೆಂದು ಮುಪ್ಪಿನಲ್ಲಿ ಕನ್ನಡವನ್ನು ಅಭ್ಯಾಸಮಾಡಿದರು. ಕೆತ್ತಿಯಲ್ಲಿ ಶಾಲೆ ತೆರೆದರು. 1846ರಲ್ಲಿ ಬಾಸೆಲ್ ಮಿಷನ್ನಿನವರು ಇಲ್ಲಿ ನೆಲೆಯೂರಲು ಅವರೇ ಆಸರೆಯಾದರು. ದೊಡ್ಡ ಅಧಿಕಾರ ನಡೆಸಿ ಬಂದವರು ಎಳೆಯರ ಮುಂದೆ ಮತ್ತೆ ವಿದ್ಯಾರ್ಥಿಯಾದರು. ಬಡಗಕ್ಕೆ ತೀರ ಹತ್ತಿರದ ಕನ್ನಡವನ್ನು ತೊಟ್ಟಿಲಿನಿಂದಲೇ ಆಡಿದ ನಾವಾದರೋ, ಬಡಗದಲ್ಲಿ ಹೇಳಿದ ಒಂದು ಎಚ್ಚರಿಕೆಯನ್ನು ಕೇಳಿಸಿಕೊಳ್ಳಲಾರದೆ ಹೋದೆವು. ಇನ್ನೊಬ್ಬರು ಹುಬ್ಬತಲೆಯ ಆರಿ ಗೌಡರು. ನೀಲಗಿರಿಯ ಸಣ್ಣ ಬೆಳೆಗಾರರು ತಮ್ಮ ಆಲೂಗಡ್ಡೆ, ತರಕಾರಿಗಳನ್ನು ಒಬ್ಬೊಬ್ಬರಾಗಿ ಮಾರಲು ಹೋಗಿ ಸೋಲದಿರಲೆಂದು 1935ರಲ್ಲಿ ನೀಲಗಿರಿ ಸಹಕಾರಿ ಮಾರಾಟ ಸಂಘ ಹುಟ್ಟುವುದಕ್ಕೆ ಅವರು ಕಾರಣರಾದರು. ತಾವೇ ದೊಡ್ಡ ವ್ಯಾಪಾರಿಯಾಗಿ ಎಲ್ಲರ ಮೂಟೆಗಳನ್ನೂ ಕೊಳ್ಳಬಹುದಾಗಿತ್ತು. ಹಾಗೆ ಮಾಡದೆ ಬೆಳೆದವರನ್ನೇ ಸದಸ್ಯರನ್ನಾಗಿಸುವ ದಾರಿಯನ್ನು ಹಿಡಿದರು. ಹಿಂದೆ ನಿಂತು ದೂಡುವುದೆಂದರೆ ಇದೇ.

ಈ ಲೇಖನವನ್ನು ಓದುವ ವಿದ್ಯಾರ್ಥಿಗಳಲ್ಲಿ ತರಗತಿಯ ನಾಯಕರಾದವರೂ ಇರಬಹುದು. ಗದ್ದಲ ಮಾಡಿದವರ ಹೆಸರನ್ನು ಹಲಗೆಯ ಮೇಲೆ ಬರೆಯುವುದೇ ನಾಯಕನ ಕೆಲಸವೆಂದು ನಾವೆಲ್ಲರೂ ಕಲಿತಿದ್ದೇವೆ, ನಾವೇ ಕಲಿಸಿಯೂ ಇದ್ದೇವೆ. ಈಗ ನಮ್ಮ ಶಾಲೆಯ ನಾಯಕರಿಗೆ ಬೇರೊಂದು ಕೆಲಸ ಕೊಟ್ಟಿದ್ದೇವೆ: ಇಂದು ತರಗತಿಯಲ್ಲಿ ಒಂದು ಮಾತನ್ನೂ ಆಡದೆ ಇದ್ದವರು ಯಾರು, ಅವರಿಗೆ ಹೇಳಬೇಕಾದುದೇನಾದರೂ ಇತ್ತೇ ಎಂದು ಸಂಜೆ ಕೇಳಿ ಬರುವುದು. ಮಾತಿಗಿಂತ ಮೌನವನ್ನು ಓದುವುದು ಕಷ್ಟದ ಪಾಠ, ಎಳೆಯದರಲ್ಲಿಯೇ ಆರಂಭವಾಗಲಿ.

ಲೇಖನಗಳಲ್ಲಿ ‘ನಾವು’ ಎಂದು ಬರೆದುಕೊಳ್ಳುವ ರೂಢಿ ನಮಗೆ ಮೊದಲಿನಿಂದ ಇತ್ತು. ಕಾಗದದ ಮೇಲೆ ಅದು ಸುಲಭ. ಶಾಲೆಯಲ್ಲಿ ಮಾತ್ರ ನಾವು ಬಹುಕಾಲ ‘ನಾನು’ ಆಗಿಯೇ ಇದ್ದೆವು. ಪರೀಕ್ಷೆಯಲ್ಲಿ ಹೋದ ಆ ಎರಡು ಅಂಕಗಳ ಲೆಕ್ಕ ಈಗ ಸರಿಹೋಯಿತು: ಒಂದು, ಮುಂದೆ ಕಂಡವನ ಮಾತಿಗೆ ನಿಲ್ಲುವುದು, ಇನ್ನೊಂದು, ಇಳಿಜಾರಿನಲ್ಲಿ ತಾನೇ ತಗ್ಗಿನ ಕಡೆಗೆ ನಿಲ್ಲುವುದು.

ತಡೆಗೋಡೆಯನ್ನು ಮತ್ತೆ ಕಟ್ಟಿದ್ದಾರೆ. ನೀರು ಹೋಗುವ ತೂತುಗಳನ್ನು ಎಣಿಸಿ ನೋಡಿದೆವು, ಆರು ಇವೆ. ಮಳೆಗಾಲದ ಬೆಳಗುಗಳಲ್ಲಿ ಅಡುಗೆಯ ಅಕ್ಕ ಒಂದು ಕಡ್ಡಿ ಹಿಡಿದು ಅವನ್ನು ಒಂದೊಂದಾಗಿ ಚುಚ್ಚಿ ನೋಡುತ್ತಾರೆ. ಇನ್ನೊಂದು ಕಡ್ಡಿ ಹಿಡಿದು ನಾವೂ ಜೊತೆಗೆ ಹೋಗುತ್ತೇವೆ. ಆ ಹೊತ್ತಿಗೆ ಕಣಿವೆಯಲ್ಲಿ ರೈಲು ಕೂಗಿದರೆ ಒಂದನೆಯ ತರಗತಿಯವರೊಡನೆ ನಾವೂ ತಿರುಗಿ ನೋಡುತ್ತೇವೆ, ಬಾವುಟ ಯಾವ ಬಣ್ಣದ್ದೆಂದು.